ಎಂಟು ಮಕ್ಕಳ ಹೊಣೆ, ಒಬ್ಬ ಮೇಷ್ಟ್ರ ಶನಿವಾರ

ಆಗಸ್ಟ್ 15 ಮತ್ತು ಜನವರಿ 26ರ ಬೆಳಿಗ್ಗೆ ತಾಲ್ಲೂಕು ಕೇಂದ್ರಗಳ ಮೈದಾನದಲ್ಲಿ ಪಥಸಂಚಲನ ನಡೆಯುವಾಗ, ಕೊರಳಿಗೆ ಸ್ಕಾರ್ಫ್ ಕಟ್ಟಿದ ಸ್ಕೌಟ್ಸ್-ಗೈಡ್ಸ್ ಮಕ್ಕಳ ತುಕಡಿಗೆ ಚಪ್ಪಾಳೆ ಖಚಿತ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಎಲ್ಲಿ ನೋಡಿದರೂ ಇದೇ ದೃಶ್ಯ. ಧ್ವಜಕ್ಕೆ ವಂದಿಸುತ್ತಾರೆ, ಮುಂದೆ ಸಾಗುತ್ತಾರೆ, ಸಿಹಿ ಹಂಚುತ್ತಾರೆ, ಜನ ಮನೆಗೆ ಹೊರಡುತ್ತಾರೆ. ಆದರೆ ಆ ಸ್ಕಾರ್ಫಿನ ಕೆಲಸ ನಡೆಯುವುದು ವರ್ಷದ ಉಳಿದ ದಿನಗಳಲ್ಲಿ. ಶನಿವಾರ ಶಾಲೆ ಬಿಟ್ಟ ಮೇಲೆ ಮಕ್ಕಳನ್ನು ನಿಲ್ಲಿಸಿಕೊಂಡು ಹಗ್ಗ ಕೊಟ್ಟು ಗಂಟು ಕಲಿಸುವ ಮೇಷ್ಟ್ರು, ಶಿಬಿರದ ರಾತ್ರಿ ನಿದ್ದೆಗೆಟ್ಟು ಡೇರೆಗಳ ಸುತ್ತ ಓಡಾಡುವ ಗೈಡ್ ಕ್ಯಾಪ್ಟನ್ ಮೇಡಂ ಯಾವ ಮೆರವಣಿಗೆಯಲ್ಲೂ ಕಾಣಿಸುವುದಿಲ್ಲ. ಈ ಲೇಖನ ಅವರ ಬಗ್ಗೆ, ಮತ್ತು ಅವರು ಮಕ್ಕಳ ಕೈಗೆ ಕೊಡುವ ಮೌಲ್ಯಗಳ ಬಗ್ಗೆ.

ಈ ನಾಲ್ಕು ತಾಲ್ಲೂಕುಗಳನ್ನು ಒಟ್ಟಿಗೆ ಹೇಳುವುದಕ್ಕೆ ಕಾರಣವಿದೆ. ನಾಲ್ಕೂ ಮೈಸೂರು ಜಿಲ್ಲೆಯ ಹುಣಸೂರು ಉಪವಿಭಾಗಕ್ಕೆ ಸೇರಿವೆ. ಒಂದೇ ಉಪವಿಭಾಗವಾದರೂ ಬದುಕು ಒಂದೇ ಬಗೆಯದಲ್ಲ. ಕೆ.ಆರ್. ನಗರದಲ್ಲಿ ಕಾವೇರಿ, ಚಾಮರಾಜ ನಾಲೆಗಳು, ಭತ್ತದ ಬಯಲು. ಹುಣಸೂರು, ಪಿರಿಯಾಪಟ್ಟಣದಲ್ಲಿ ಹೊಗೆಸೊಪ್ಪು, ಅದನ್ನು ಬೇಯಿಸುವ ಬ್ಯಾರನ್ನುಗಳು, ಹರಾಜು ಕಟ್ಟೆ. ಎಚ್.ಡಿ. ಕೋಟೆಯಲ್ಲಿ ಕಬಿನಿ, ನಾಗರಹೊಳೆಯ ಕಾಡಂಚು, ಜೇನುಕುರುಬರ, ಕಾಡುಕುರುಬರ ಹಾಡಿಗಳು. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1960ರ ದಶಕದ ಆರಂಭದಿಂದ ನೆಲೆ ನಿಂತ ಟಿಬೆಟನ್ನರು. ಸ್ಕೌಟಿನ ನಿಯಮಗಳು ಜಗತ್ತಿಗೆಲ್ಲ ಹೆಚ್ಚುಕಡಿಮೆ ಒಂದೇ. ಆದರೆ ಆ ನಿಯಮಕ್ಕೆ ಇಲ್ಲಿನ ಮಗು ಇಲ್ಲಿನ ನೆಲದ ಮೇಲೆ ಉತ್ತರ ಕಂಡುಕೊಳ್ಳಬೇಕು. ಆ ಹುಡುಕಾಟದಲ್ಲಿ ಜೊತೆಗೆ ನಿಲ್ಲುವವರೇ ಸ್ವಯಂಸೇವಕರು.

ಬೆಂಗಳೂರಿನಿಂದ ಶುರು

1907ರ ಆಗಸ್ಟ್ 1ರಿಂದ 8ರವರೆಗೆ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಸೇನಾಧಿಕಾರಿ ರಾಬರ್ಟ್ ಬೇಡನ್-ಪೊವೆಲ್ 20 ಹುಡುಗರನ್ನು ಕರೆದುಕೊಂಡು ಹೋಗಿ ಒಂದು ಶಿಬಿರ ನಡೆಸಿದರು. ಇಡೀ ಚಳವಳಿಯ ಮೂಲ ಅದು. ಆ ಶಿಬಿರದಲ್ಲಿ ಅವರು ಮಾಡಿದ ಒಂದು ಕೆಲಸವನ್ನು ನಾವು ಗಮನಿಸಬೇಕು. ಶ್ರೀಮಂತರ ಮಕ್ಕಳು ಓದುವ ಈಟನ್, ಹ್ಯಾರೋ ಶಾಲೆಗಳ ಹುಡುಗರನ್ನೂ ಬೋರ್ನ್‌ಮತ್, ಪೂಲ್ ಪಟ್ಟಣಗಳ ದುಡಿಯುವ ಕುಟುಂಬಗಳ ಹುಡುಗರನ್ನೂ ಒಟ್ಟು ಸೇರಿಸಿದರು. ನಾಲ್ಕು ಗುಂಪು ಮಾಡಿ, ಒಂದೊಂದಕ್ಕೂ ಒಂದು ಪ್ರಾಣಿಯ ಇಲ್ಲವೇ ಹಕ್ಕಿಯ ಹೆಸರಿಟ್ಟು, ಗುಂಪಿನ ಹೊಣೆಯನ್ನು ಹುಡುಗನೊಬ್ಬನಿಗೇ ವಹಿಸಿದರು. ಯಾರ ಮಗ ಎಂಬುದಕ್ಕಿಂತ ಯಾವ ಗುಂಪಿನವನು ಎಂಬುದು ಅಲ್ಲಿ ಮುಖ್ಯವಾಯಿತು. ಮರುವರ್ಷ ಸ್ಕೌಟಿಂಗ್ ಕುರಿತ ಅವರ ಪುಸ್ತಕ ಹೊರಬಂತು. 1909ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ಸ್ಕೌಟ್ ಹುಡುಗರ ದೊಡ್ಡ ಸಮಾವೇಶ ನಡೆದಾಗ, ಯಾರೂ ಕರೆಯದಿದ್ದರೂ ಹುಡುಗಿಯರು ಬಂದು ನಿಂತು ನಮಗೂ ಬೇಕು ಎಂದರು. 1910ರಲ್ಲಿ ಗೈಡ್ಸ್ ಹುಟ್ಟಿದ್ದು ಹಾಗೆ.

ಭಾರತಕ್ಕೆ ಇದು ಕಾಲಿಟ್ಟದ್ದು ನಮ್ಮ ಬೆಂಗಳೂರಿನಲ್ಲೇ. 1909ರಲ್ಲಿ ಕ್ಯಾಪ್ಟನ್ ಟಿ.ಎಚ್. ಬೇಕರ್ ಬಿಷಪ್ ಕಾಟನ್ ಶಾಲೆಯಲ್ಲಿ ಮೊದಲ ದಳ ಕಟ್ಟಿದರು. ಆದರೆ ಅದು ಯುರೋಪಿಯನ್ ಮತ್ತು ಆಂಗ್ಲೋ-ಇಂಡಿಯನ್ ಹುಡುಗರಿಗೆ ಮಾತ್ರ. ಈ ನೆಲದ ಮಕ್ಕಳಿಗೆ ಪ್ರವೇಶವಿರಲಿಲ್ಲ. ಎಲ್ಲರ ಮಿತ್ರನಾಗಿರಬೇಕೆಂದು ಬೋಧಿಸುವ ಸಂಘಟನೆಯೇ ಬಾಗಿಲು ಹಾಕಿಕೊಂಡಿತ್ತು. ಆ ಬಾಗಿಲು ತೆರೆದವರು ಸ್ವಯಂಸೇವಕರು. ಮದರಾಸಿನಲ್ಲಿ ಅನಿಬೆಸೆಂಟ್ ಮತ್ತು ಜಿ.ಎಸ್. ಅರುಂಡೇಲ್, ಉತ್ತರದಲ್ಲಿ ಮದನ ಮೋಹನ ಮಾಳವೀಯ, ಹೃದಯನಾಥ ಕುಂಜ್ರು, ಶ್ರೀರಾಮ ಬಾಜಪೇಯಿ ಭಾರತೀಯ ಮಕ್ಕಳಿಗೆಂದೇ ಬೇರೆ ಸಂಘಟನೆಗಳನ್ನು ಕಟ್ಟಿದರು. ಬೇಡನ್-ಪೊವೆಲ್ 1921ರಲ್ಲಿ ಭಾರತಕ್ಕೆ ಬಂದಾಗ ಅನಿಬೆಸೆಂಟರಿಗೆ ಗೌರವ ಕಮಿಷನರ್ ಪದವಿ ಕೊಟ್ಟರು. ಸ್ವಾತಂತ್ರ್ಯ ಬಂದ ಮೇಲೆ, 1950ರ ನವೆಂಬರ್ 7ರಂದು ಬೇರೆಬೇರೆ ಸ್ಕೌಟ್ ಸಂಘಗಳು ಒಂದಾಗಿ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಆಯಿತು. ಕುಂಜ್ರು ಮೊದಲ ರಾಷ್ಟ್ರೀಯ ಆಯುಕ್ತರಾದರು. 1951ರ ಆಗಸ್ಟ್ 15ರಂದು ಗೈಡ್ಸ್ ಸಂಘಟನೆಯೂ ಸೇರಿತು. ಒಂದೇ ಸಂಸ್ಥೆಯೊಳಗೆ ಹುಡುಗರೂ ಹುಡುಗಿಯರೂ ಸಮಾನವಾಗಿ ಇರುವ ಈ ವ್ಯವಸ್ಥೆ ಆ ಕಾಲಕ್ಕೆ ದಿಟ್ಟ ನಿರ್ಧಾರವಾಗಿತ್ತು.

ಕರ್ನಾಟಕದಲ್ಲಿ ಇದರ ರಾಜ್ಯ ಕಚೇರಿ ಬೆಂಗಳೂರಿನ ಅರಮನೆ ರಸ್ತೆಯ ಶಾಂತಗೃಹ. ದೊಡ್ಡಬಳ್ಳಾಪುರದ ತರಬೇತಿ ಕೇಂದ್ರಕ್ಕೆ ಅನಿಬೆಸೆಂಟರ ಹೆಸರಿದೆ. ಮೈಸೂರಿನವರಿಗೆ ಸ್ಕೌಟ್ಸ್ ಅಂಡ್ ಗೈಡ್ಸ್ ಮೈದಾನ ಎಂದರೆ ದಾರಿ ಹೇಳಬೇಕಾಗಿಲ್ಲ. 2016ರ ಡಿಸೆಂಬರ್ ಕೊನೆಯಲ್ಲಿ 17ನೇ ರಾಷ್ಟ್ರೀಯ ಜಾಂಬೂರಿ ನಡೆದದ್ದು ಇದೇ ಜಿಲ್ಲೆಯ ನಂಜನಗೂಡು ತಾಲ್ಲೂಕಿನ ಅಡಕನಹಳ್ಳಿಯಲ್ಲಿ. 2022ರ ಡಿಸೆಂಬರ್‌ನಲ್ಲಿ ಮೂಡುಬಿದಿರೆಯ ಆಳ್ವಾಸ್ ಆವರಣದಲ್ಲಿ ಅಂತರರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿ ನಡೆಯಿತು. ಜಾಂಬೂರಿಗಳು ಹಬ್ಬ. ಹಬ್ಬಕ್ಕೆ ಬೇಕಾದ ದವಸ ಬೆಳೆಯುವುದು ಮಾತ್ರ ತಾಲ್ಲೂಕಿನ ಶಾಲಾ ಅಂಗಳಗಳಲ್ಲಿ.

ಒಂಬತ್ತು ನಿಯಮ, ನಮ್ಮ ನೆಲ

ಸ್ಕೌಟ್ ಪ್ರತಿಜ್ಞೆಗೆ ಮೂರು ಭಾಗ: ದೇವರಿಗೂ ದೇಶಕ್ಕೂ ಸಲ್ಲಬೇಕಾದ ಕರ್ತವ್ಯ, ಇತರರಿಗೆ ನೆರವು, ನಿಯಮಗಳ ಪಾಲನೆ. ದೇವರು ಎನ್ನಲು ಮನಸ್ಸೊಪ್ಪದವರು ಧರ್ಮ ಎನ್ನಬಹುದು ಎಂಬ ಅವಕಾಶವೂ ಇದೆ. ಸೆಲ್ಯೂಟಿನಲ್ಲಿ ಎತ್ತುವ ಮೂರು ಬೆರಳು ಈ ಮೂರು ಭಾಗಗಳ ನೆನಪು. ಹೆಬ್ಬೆರಳು ಕಿರುಬೆರಳಿನ ಮೇಲೆ ಕೂತಿರುತ್ತದೆ. ಬಲವುಳ್ಳವರು ಬಲವಿಲ್ಲದವರನ್ನು ಕಾಯಬೇಕು ಎಂದು ಮೇಷ್ಟ್ರುಗಳು ಅದರ ಅರ್ಥ ಹೇಳಿಕೊಡುತ್ತಾರೆ.

ನಿಯಮಗಳು ಒಂಬತ್ತು. ನಂಬಿಕೆಗೆ ಅರ್ಹನಾಗಿರುವುದು, ನಿಷ್ಠೆ, ಎಲ್ಲರೊಡನೆ ಸ್ನೇಹ, ವಿನಯ, ಪ್ರಾಣಿಗಳ ಮೇಲೆ ಪ್ರೀತಿ ಮತ್ತು ನಿಸರ್ಗಪ್ರೇಮ, ಶಿಸ್ತು ಮತ್ತು ಸಾರ್ವಜನಿಕ ಆಸ್ತಿಯ ರಕ್ಷಣೆ, ಧೈರ್ಯ, ಮಿತವ್ಯಯ, ಮನಸ್ಸು ಮಾತು ನಡತೆಯ ಶುದ್ಧಿ. ಬಾಯಿಪಾಠ ಮಾಡಿಸಿದರೆ ಒಂದು ವಾರದಲ್ಲಿ ಮುಗಿಯುತ್ತದೆ. ಇವು ಬದುಕಿಗೆ ಇಳಿಯಲು ವರ್ಷಗಳೇ ಬೇಕು.

ಪ್ರಾಣಿಗಳ ಮಿತ್ರನಾಗಿರಬೇಕು ಎಂಬ ಐದನೆಯ ನಿಯಮವನ್ನೇ ತೆಗೆದುಕೊಳ್ಳಿ. ನಗರದ ಶಾಲೆಯಲ್ಲಿ ಇದನ್ನು ಕಲಿಸುವುದು ಸುಲಭ. ಬೀದಿನಾಯಿಗೆ ನೀರಿಡಿ, ಹಕ್ಕಿಗೆ ಕಾಳು ಹಾಕಿ ಎಂದರೆ ಆಯಿತು. ಹನಗೋಡು, ಅಂತರಸಂತೆ ಕಡೆಯ ಕಾಡಂಚಿನ ಹಳ್ಳಿಯಲ್ಲಿ ಒಂದು ಮಗು ಎದ್ದು ನಿಂತು, “ಸಾರ್, ಆನೆ ಬಂದು ನಮ್ ರಾಗಿನೆಲ್ಲ ತುಳಿದಾಕ್ಬುಡ್ತು. ಅದುಕ್ಕೂ ನಾವು ಫ್ರೆಂಡೇ ಆಗ್ಬೇಕಾ?” ಎಂದು ಕೇಳಿದರೆ ಮೇಷ್ಟ್ರು ಏನು ಹೇಳಬೇಕು? ಅಪ್ಪ ಅಟ್ಟಣೆಯ ಮೇಲೆ ರಾತ್ರಿಯಿಡೀ ಕಾವಲು ಕೂತದ್ದನ್ನು ಆ ಮಗು ನೋಡಿದೆ. ಅದರ ಪ್ರಶ್ನೆಯನ್ನು ಗದರಿಸಿ ಕೂರಿಸಿದರೆ ನಿಯಮ ಅಂದೇ ಸತ್ತಂತೆ. ಒಳ್ಳೆಯ ಸ್ಕೌಟ್ ಮಾಸ್ಟರ್ ಆ ಕೋಪವನ್ನು ಒಪ್ಪಿಕೊಂಡೇ ಮಾತು ಮುಂದುವರಿಸುತ್ತಾರೆ. ಆನೆಯ ದಾರಿ ಎಲ್ಲಿತ್ತು, ಈಗ ಅಲ್ಲಿ ಏನಿದೆ ಎಂದು ನಕ್ಷೆ ಬರೆಸುತ್ತಾರೆ. ಮುಸ್ಸಂಜೆಯಲ್ಲಿ ಒಂಟಿಯಾಗಿ ನಡೆಯಬಾರದು, ಆನೆಗೆ ಕಲ್ಲು ಹೊಡೆಯಬಾರದು, ಮೊಬೈಲ್ ಹಿಡಿದು ಹತ್ತಿರ ಹೋಗಬಾರದು, ಕಂಡ ಕೂಡಲೇ ಅರಣ್ಯ ಇಲಾಖೆಯವರಿಗೆ ತಿಳಿಸಬೇಕು ಎಂದು ಕಲಿಸುತ್ತಾರೆ. ಬೆಳೆ ಪರಿಹಾರಕ್ಕೆ ಅರ್ಜಿ ಬರೆಯುವುದನ್ನೂ ಹೇಳಿಕೊಡಬಹುದು. ನಷ್ಟ ಅನುಭವಿಸಿಯೂ ದ್ವೇಷವಿಲ್ಲದೆ ಬದುಕಲು ದಾರಿ ತೋರಿಸಿದಾಗ ಮಾತ್ರ ಆ ನಿಯಮಕ್ಕೆ ಅಲ್ಲಿ ಅರ್ಥ. ಕಾಡಿನ ಬಗ್ಗೆ ಹಾಡಿಯ ಮಕ್ಕಳಿಗೆ ಗೊತ್ತಿರುವುದು ಅನೇಕ ಸಲ ಮೇಷ್ಟ್ರಿಗೇ ಗೊತ್ತಿರುವುದಿಲ್ಲ. ಹೆಜ್ಜೆ ಗುರುತು, ಲದ್ದಿ, ಹಕ್ಕಿಯ ಕೂಗು ಓದಿ ಹೇಳಬಲ್ಲ ಜೇನುಕುರುಬರ ಹುಡುಗನನ್ನು ಮುಂದೆ ನಿಲ್ಲಿಸಿ ಉಳಿದವರು ಅವನಿಂದ ಕಲಿಯುವಂತೆ ಮಾಡಿದ ದಿನ, ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂರುವ ಆ ಹುಡುಗ ಗುರುವಾಗುತ್ತಾನೆ.

ಮಿತವ್ಯಯ ಎಂಬ ಎಂಟನೆಯ ನಿಯಮವೂ ಹೀಗೆಯೇ. ಹೊಗೆಸೊಪ್ಪಿನ ಹಂಗಾಮು ಬಂದರೆ ಹುಣಸೂರು, ಪಿರಿಯಾಪಟ್ಟಣದ ಹಳ್ಳಿಗಳಲ್ಲಿ ಮನೆಮಂದಿಯೆಲ್ಲ ಸೊಪ್ಪು ಮುರಿಯುವುದು, ಕಡ್ಡಿಗೆ ಕಟ್ಟುವುದು, ಬ್ಯಾರನ್ನಿಗೆ ಏರಿಸುವುದರಲ್ಲಿ ಮುಳುಗುತ್ತಾರೆ. ಸಾಲ, ಸೌದೆ, ಗೊಬ್ಬರ, ಕೂಲಿ ಎಲ್ಲವನ್ನೂ ಹರಾಜಿನ ದರ ನೋಡಿಕೊಂಡೇ ತೀರಿಸಬೇಕು. ಅಂಥ ಮನೆಯ ಮಗುವಿಗೆ ಉಳಿತಾಯದ ಉಪದೇಶ ಬೇಡ. ದುಡ್ಡು ಹೇಗೆ ಬರುತ್ತದೆ, ಹೇಗೆ ಹೋಗುತ್ತದೆ ಎಂದು ಅದು ನಮಗಿಂತ ಚೆನ್ನಾಗಿ ನೋಡಿದೆ. ಸ್ಕೌಟಿನಲ್ಲಿ ಅದಕ್ಕೆ ಸಿಗಬೇಕಾದದ್ದು ಲೆಕ್ಕ ಬರೆಯುವ ಅಭ್ಯಾಸ. ಖರಿ ಕಮಾಯಿ ಎಂಬ ಪದ್ಧತಿ ಈ ಚಳವಳಿಯಲ್ಲಿದೆ. ಮಕ್ಕಳು ಸಣ್ಣಪುಟ್ಟ ಕೆಲಸ ಮಾಡಿ ಪ್ರಾಮಾಣಿಕವಾಗಿ ಸಂಪಾದಿಸಿದ್ದನ್ನು ದಳದ ನಿಧಿಗೆ ಹಾಕುತ್ತಾರೆ. ತಾವು ದುಡಿದ ಹತ್ತು ರೂಪಾಯಿಯನ್ನು ಶಿಬಿರದ ತರಕಾರಿಗೆ ಖರ್ಚು ಮಾಡುವಾಗ ಅವರು ಸಂತೆಯಲ್ಲಿ ಚೌಕಾಸಿ ಮಾಡುವ ರೀತಿಯೇ ಬೇರೆ. ಇಲ್ಲಿ ಹಿರಿಯರು ಒಂದು ಗೆರೆ ಮರೆಯಬಾರದು: ಖರಿ ಕಮಾಯಿ ಕಲಿಕೆಗೆ, ಮಕ್ಕಳಿಂದ ಕೂಲಿ ಮಾಡಿಸುವುದಕ್ಕಲ್ಲ. ಕೊಡಗಿನ ಕಾಫಿ ಹಣ್ಣಿನ ಕಾಲದಲ್ಲಿ ಎಚ್.ಡಿ. ಕೋಟೆಯ, ಹುಣಸೂರಿನ ಹಾಡಿಗಳಿಂದ ದೊಡ್ಡವರು ತೋಟದ ಕೆಲಸಕ್ಕೆ ಹೋದಾಗ ಮಕ್ಕಳೂ ಜೊತೆಗೆ ಹೋಗಿ ಶಾಲೆ ತಪ್ಪುವುದುಂಟು. ಅಂಥ ಮಗುವಿನ ಹಾಜರಿಯನ್ನು ಮೊದಲು ಗಮನಿಸಬೇಕಾದವನು ಅದರ ಗುಂಪಿನ ನಾಯಕನೇ.

ಒಂದೇ ಒಲೆಯ ಸುತ್ತ

ಪ್ಯಾಟ್ರೋಲ್ ಎಂದರೆ ಆರರಿಂದ ಎಂಟು ಮಕ್ಕಳ ಗುಂಪು. ನಾಲ್ಕು ಗುಂಪು ಸೇರಿದರೆ ಒಂದು ದಳ. ಪ್ರತಿ ಗುಂಪಿಗೂ ಒಬ್ಬ ನಾಯಕ, ಒಬ್ಬ ಉಪನಾಯಕ. ಇನ್ನುಳಿದವರಲ್ಲಿ ಒಬ್ಬರು ಅಡುಗೆಗೆ, ಒಬ್ಬರು ಪ್ರಥಮ ಚಿಕಿತ್ಸೆಗೆ, ಒಬ್ಬರು ಲೆಕ್ಕಕ್ಕೆ, ಒಬ್ಬರು ಸಾಮಾನಿಗೆ ಹೀಗೆ ಎಲ್ಲರಿಗೂ ಒಂದೊಂದು ಕೆಲಸ. ಸುಮ್ಮನೆ ನಿಂತು ನೋಡುವ ಜಾಗವೇ ಇಲ್ಲ. ಗುಂಪಿನ ನಾಯಕರು ಸೇರಿ ಕೋರ್ಟ್ ಆಫ್ ಆನರ್ ಎಂಬ ಸಭೆ ನಡೆಸುತ್ತಾರೆ. ಮುಂದಿನ ಹೈಕಿಗೆ ಎಲ್ಲಿಗೆ ಹೋಗುವುದು, ನಿಯಮ ಮುರಿದವನನ್ನು ಏನು ಮಾಡುವುದು ಎಂದು ಮಕ್ಕಳೇ ಚರ್ಚಿಸಿ ತೀರ್ಮಾನಿಸುತ್ತಾರೆ. ಮೇಷ್ಟ್ರು ಜೊತೆಯಲ್ಲಿರುತ್ತಾರೆ, ಸಲಹೆ ಕೊಡುತ್ತಾರೆ. ನಮ್ಮ ಶಾಲೆಗಳಲ್ಲಿ ಮಕ್ಕಳು ಒಟ್ಟಿಗೆ ಕೂತು, ಮಾತಾಡಿ, ಒಂದು ನಿರ್ಧಾರಕ್ಕೆ ಬಂದು, ಅದರ ಫಲವನ್ನು ತಾವೇ ಅನುಭವಿಸುವ ಇನ್ನೊಂದು ಜಾಗ ನನಗೆ ಕಾಣಿಸುತ್ತಿಲ್ಲ.

ಶಿಬಿರದ ಅಡುಗೆಯ ಹೊತ್ತಿಗೆ ಈ ಪದ್ಧತಿಯ ಬೆಲೆ ಗೊತ್ತಾಗುತ್ತದೆ. ಎಂಟು ಮಕ್ಕಳಿಗೆ ಒಂದು ಒಲೆ. ಮೂರು ಕಲ್ಲು ಹೂಡಿ, ಸೌದೆ ಆಯ್ದು ತಂದು, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ನೋಡಿ ಬೆಂಕಿ ಹಚ್ಚಬೇಕು. ಒಬ್ಬಳು ಅಕ್ಕಿ ತೊಳೆಯುತ್ತಾಳೆ, ಇನ್ನೊಬ್ಬಳು ಸಾರಿಗೆ ಹುಣಸೆ ಕಿವುಚುತ್ತಾಳೆ, ಮತ್ತೊಬ್ಬಳು ಊದುತ್ತ ಊದುತ್ತ ಹೊಗೆಗೆ ಕಣ್ಣೊರೆಸಿಕೊಳ್ಳುತ್ತಾಳೆ. ಅನ್ನ ತಳ ಹತ್ತಿದರೂ ಅದನ್ನೇ ಉಣ್ಣಬೇಕು. ಬೇರೆ ಬೇರೆ ಕೇರಿಗಳಿಂದ, ಬೇರೆ ಬೇರೆ ಜಾತಿ ಧರ್ಮದ ಮನೆಗಳಿಂದ ಬಂದ ಎಂಟು ಮಕ್ಕಳು ಒಂದೇ ಪಾತ್ರೆಯಲ್ಲಿ ಬೇಯಿಸಿ, ಒಬ್ಬರಿಗೊಬ್ಬರು ಬಡಿಸಿ, ಒಬ್ಬರ ತಟ್ಟೆ ಇನ್ನೊಬ್ಬರು ತೊಳೆಯುತ್ತಾರೆ. ಬಿಸಿಯೂಟದಲ್ಲಿ ಸಾಲಾಗಿ ಕೂತು ಉಣ್ಣುವುದು ದೊಡ್ಡ ಸಂಗತಿಯೇ. ತಾವೇ ಬೇಯಿಸಿ ಬಡಿಸುವುದು ಅದಕ್ಕಿಂತ ಒಂದು ಹೆಜ್ಜೆ ಮುಂದೆ. ಊರಿನಲ್ಲಿ ಇನ್ನೂ ಯಾರ ಮನೆಯಲ್ಲಿ ಯಾರು ನೀರು ಕುಡಿಯುತ್ತಾರೆ ಎಂಬ ಲೆಕ್ಕ ಇಟ್ಟುಕೊಳ್ಳುವವರಿದ್ದಾರೆ. ಎಲ್ಲರ ಮಿತ್ರ, ಪ್ರತಿ ಸ್ಕೌಟಿಗೂ ಸಹೋದರ ಎಂಬ ಮೂರನೆಯ ನಿಯಮ ಗೆಲ್ಲಬೇಕಾದದ್ದು ಆ ಲೆಕ್ಕದ ಎದುರು. ಗುಂಪು ಮಾಡುವಾಗ ಒಂದೇ ಕೇರಿಯ, ಒಂದೇ ಬಳಗದ ಮಕ್ಕಳನ್ನು ಒಟ್ಟಿಗೆ ಬಿಡದೆ ಬೆರೆಸುವ ಮೇಷ್ಟ್ರು ಬ್ರೌನ್‌ಸೀಯಲ್ಲಿ ನಡೆದ ಕೆಲಸವನ್ನೇ ನಮ್ಮ ಹಳ್ಳಿಯಲ್ಲಿ ಮುಂದುವರಿಸುತ್ತಾರೆ.

ಹಗ್ಗದ ತುದಿಯಲ್ಲಿ ಜೀವ

ಸ್ಕೌಟ್ ವಿದ್ಯೆಗಳನ್ನು ಆಟವೆಂದು ತಳ್ಳಿಹಾಕುವವರು ಒಮ್ಮೆ ಬೋಲೈನ್ ಗಂಟು ಹಾಕುವುದನ್ನು ಹತ್ತಿರದಿಂದ ನೋಡಬೇಕು. ಹಗ್ಗದ ಉದ್ದ ಭಾಗದಲ್ಲಿ ಮೊದಲು ಒಂದು ಸಣ್ಣ ಕುಣಿಕೆ. ತುದಿಯನ್ನು ಕೆಳಗಿನಿಂದ ಆ ಕುಣಿಕೆಯೊಳಗೆ ತೂರಿಸಿ ಮೇಲೆ ತರಬೇಕು. ಉದ್ದ ಹಗ್ಗದ ಹಿಂಬದಿಯಿಂದ ಒಂದು ಸುತ್ತು ಹಾಕಿಸಿ, ಬಂದ ದಾರಿಯಲ್ಲೇ ಕುಣಿಕೆಯೊಳಕ್ಕೆ ಇಳಿಸಿ ಬಿಗಿಯಬೇಕು. ಹೀಗೆ ಬಿದ್ದ ದೊಡ್ಡ ಉಂಗುರ ಎಷ್ಟು ಭಾರ ಬಿದ್ದರೂ ಕಿರಿದಾಗುವುದಿಲ್ಲ, ಜಾರುವುದಿಲ್ಲ. ಮನುಷ್ಯನ ಎದೆಗೆ ಹಾಕಿ ಎಳೆದರೂ ಬಿಗಿದುಕೊಳ್ಳುವುದಿಲ್ಲ, ಕೆಲಸ ಮುಗಿದ ಮೇಲೆ ಸುಲಭವಾಗಿ ಬಿಚ್ಚಿಕೊಳ್ಳುತ್ತದೆ. ದನ ಕಟ್ಟಿ, ಹುಲ್ಲು ಹೊರೆ ಬಿಗಿದು ರೂಢಿಯಿರುವ ಹಳ್ಳಿ ಮಕ್ಕಳಿಗೆ ಹಗ್ಗ ಹೊಸದಲ್ಲ. ಅವರ ಬೆರಳು ಎರಡು ಸಲ ತಪ್ಪಿ ಮೂರನೆಯ ಸಲ ಸರಿಹೋಗುತ್ತದೆ. ಆಮೇಲೆ ಕಣ್ಣು ಮುಚ್ಚಿಕೊಂಡು, ಆಮೇಲೆ ಒದ್ದೆ ಹಗ್ಗದಲ್ಲಿ ಹಾಕುವ ಅಭ್ಯಾಸ.

ಇದು ಏಕೆ ಬೇಕು ಎಂದು ಕೆ.ಆರ್. ನಗರದ ನಾಲೆ ಬದಿಯವರನ್ನು ಕೇಳಿ. ನಾಲೆಯ ಏರಿ ಕಡಿದು, ಪಾಚಿ ಜಾರಿಕೆ, ಒಳಗೆ ಬಿದ್ದವರಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಒಬ್ಬ ಬಿದ್ದರೆ ಅವನನ್ನು ಎತ್ತಲು ಹಾರಿದ ಇನ್ನೊಬ್ಬನೂ ಮುಳುಗುವುದು ನಮ್ಮ ಕಡೆ ಮತ್ತೆ ಮತ್ತೆ ಕೇಳಿಬರುವ ದುರಂತ. ಸ್ಕೌಟ್ ತರಬೇತಿ ಧೈರ್ಯಕ್ಕೆ ಬೇರೆ ಅರ್ಥ ಕಲಿಸುತ್ತದೆ: ಈಜಿ ರಕ್ಷಿಸುವ ತರಬೇತಿ ಇಲ್ಲದವರು ನೀರಿಗೆ ಇಳಿಯಬಾರದು. ಮೊದಲು ಕೂಗಿ ಜನ ಸೇರಿಸು. ಕೋಲೋ ಪಂಚೆಯೋ ಸೀರೆಯೋ ಚಾಚು. ಹಗ್ಗ ಎಸೆ, ತೇಲುವ ಖಾಲಿ ಕ್ಯಾನ್ ಎಸೆ. 112ಕ್ಕೆ ಕರೆ ಮಾಡು. ತಲೆ ತಣ್ಣಗಿಟ್ಟುಕೊಂಡು ಇಷ್ಟು ಮಾಡುವುದಕ್ಕೆ ಹಾರುವುದಕ್ಕಿಂತ ಹೆಚ್ಚು ಧೈರ್ಯ ಬೇಕು. 2019ರ ಆಗಸ್ಟ್‌ನಲ್ಲಿ ಲಕ್ಷ್ಮಣತೀರ್ಥ, ಕಬಿನಿ, ಕಾವೇರಿ ಒಟ್ಟಿಗೆ ಉಕ್ಕಿದ್ದನ್ನು ಕಂಡ ಈ ಸೀಮೆಗೆ ಇಂಥ ತರಬೇತಿ ಪಡೆದ ಮಕ್ಕಳು ಊರಿಗೆ ನಾಲ್ಕು ಮಂದಿಯಾದರೂ ಬೇಕು.

ಕೊರಳಿನ ಸ್ಕಾರ್ಫಿಗೂ ಹೀಗೆ ಒಂದು ಕೆಲಸವಿದೆ. ಬಿಚ್ಚಿದರೆ ಅದು ತ್ರಿಕೋನದ ಬಟ್ಟೆ. ಮುರಿದ ಕೈಗೆ ಜೋಲಿ, ಗಾಯಕ್ಕೆ ಪಟ್ಟಿ, ಕಾಲು ಅಲುಗಾಡದಂತೆ ಕಟ್ಟಲು ಬಂಧ. ಎರಡು ಕೋಲು, ಎರಡು ಅಂಗಿ ಸಿಕ್ಕರೆ ಸ್ಟ್ರೆಚರ್ ಸಿದ್ಧ. ಹಾವು ಕಚ್ಚಿದರೆ ಕುಯ್ಯಬಾರದು, ಬಾಯಿಂದ ಹೀರಬಾರದು, ಹಗ್ಗದಿಂದ ಬಿಗಿದು ರಕ್ತ ನಿಲ್ಲಿಸಬಾರದು. ಕಚ್ಚಿಸಿಕೊಂಡವರನ್ನು ನಡೆಸದೆ, ಅಂಗ ಅಲುಗದಂತೆ ನೋಡಿಕೊಂಡು ನೇರ ಆಸ್ಪತ್ರೆಗೆ ಸಾಗಿಸಬೇಕು. ಗದ್ದೆ, ಶುಂಠಿ ಹೊಲ, ಹೊಗೆಸೊಪ್ಪಿನ ತೋಟದಲ್ಲಿ ದಿನ ಬೆಳಗಾದರೆ ಕೆಲಸ ಮಾಡುವ ಕುಟುಂಬಗಳಿಗೆ ಈ ನಾಲ್ಕು ಮಾತು ತಿಳಿದಿರುವ ಒಂದು ಮಗು ಮನೆಯಲ್ಲಿರುವುದು ದೊಡ್ಡ ಆಸರೆ. ಚುಂಚನಕಟ್ಟೆಯ ಜಾನುವಾರು ಜಾತ್ರೆಯಂಥ ಕಡೆ ನೀರು ಕೊಡುವುದು, ತಪ್ಪಿಸಿಕೊಂಡ ಮಗುವನ್ನು ತಾಯಿಗೆ ಸೇರಿಸುವುದು, ವಯಸ್ಸಾದವರ ಕೈ ಹಿಡಿದು ದಾಟಿಸುವುದು ಈ ತರಬೇತಿಗೆ ಹೇಳಿ ಮಾಡಿಸಿದ ಸೇವೆ.

ಸಂಬಳದ ಆಚೆಗಿನ ಕೆಲಸ

ಇಷ್ಟೆಲ್ಲ ನಡೆಯಬೇಕಾದರೆ ಒಬ್ಬರು ಬೇಕು. ಹುಡುಗರಿಗೆ ಸ್ಕೌಟ್ ಮಾಸ್ಟರ್, ಹುಡುಗಿಯರಿಗೆ ಗೈಡ್ ಕ್ಯಾಪ್ಟನ್. 10 ವರ್ಷದೊಳಗಿನ ಹುಡುಗರಾದ ಕಬ್‌ಗಳಿಗೆ ಕಬ್ ಮಾಸ್ಟರ್, ಹುಡುಗಿಯರಾದ ಬುಲ್‌ಬುಲ್‌ಗಳಿಗೆ ಫ್ಲಾಕ್ ಲೀಡರ್. ಕಾಲೇಜು ವಯಸ್ಸಿನವರಿಗೆ ರೋವರ್, ರೇಂಜರ್ ವಿಭಾಗ. ನಮ್ಮ ತಾಲ್ಲೂಕುಗಳಲ್ಲಿ ಈ ಹೊಣೆ ಹೊತ್ತವರಲ್ಲಿ ಹೆಚ್ಚಿನವರು ಶಾಲಾ ಶಿಕ್ಷಕರೇ. ಅವರ ಮೇಲೆ ಈಗಾಗಲೇ ಪಾಠ, ಪರೀಕ್ಷೆ, ಬಿಸಿಯೂಟದ ಲೆಕ್ಕ, ಆನ್‌ಲೈನ್ ಮಾಹಿತಿ ತುಂಬುವ ಕೆಲಸ, ಚುನಾವಣೆ, ಗಣತಿ ಎಲ್ಲ ಇದೆ. ಅದರ ಮೇಲೆ ಶನಿವಾರದ ಮಧ್ಯಾಹ್ನ, ಭಾನುವಾರದ ಹೈಕ್, ರಜೆಯ ಶಿಬಿರ. ಈ ಹೆಚ್ಚಿನ ಹೊಣೆಗೆ ಬೇರೆ ಸಂಬಳವಿಲ್ಲ.

ಇದಕ್ಕೆ ತರಬೇತಿಯೂ ಸಣ್ಣದಲ್ಲ. ಮೊದಲು ಏಳು ದಿನದ ಬೇಸಿಕ್ ಕೋರ್ಸ್. ಆಮೇಲೆ ಅಡ್ವಾನ್ಸ್ಡ್ ಕೋರ್ಸ್. ಅದರ ಮೇಲೆ ಹಿಮಾಲಯ ವುಡ್ ಬ್ಯಾಡ್ಜ್. ಅದನ್ನು ಪಡೆದವರ ಕೊರಳಲ್ಲಿ ಎರಡು ಮರದ ಮಣಿ. 1919ರಲ್ಲಿ ಇಂಗ್ಲೆಂಡಿನ ಗಿಲ್‌ವೆಲ್‌ನಲ್ಲಿ ಶುರುವಾದ ಪದ್ಧತಿ ಇದು. ಈ ತರಬೇತಿಯಲ್ಲಿ ನಲವತ್ತು ದಾಟಿದ ಮೇಷ್ಟ್ರುಗಳೂ ಮಕ್ಕಳಂತೆ ಗುಂಪಾಗಿ ಡೇರೆಯಲ್ಲಿ ಮಲಗುತ್ತಾರೆ, ಪಾತ್ರೆ ತೊಳೆಯುತ್ತಾರೆ, ಸೀಟಿ ಊದಿದರೆ ಓಡಿಬಂದು ಸಾಲಿನಲ್ಲಿ ನಿಲ್ಲುತ್ತಾರೆ. ಮಗುವಿನ ಜಾಗದಲ್ಲಿ ನಿಂತು ನೋಡಿದವರಿಗೆ ಮಗುವಿಗೆ ಎಷ್ಟು ಹೊರಿಸಬಹುದು, ಎಲ್ಲಿ ಕೈಕೊಡಬೇಕು ಎಂಬ ಅಂದಾಜು ಸಿಗುತ್ತದೆ.

ಸ್ಕೌಟ್ ಮಾಸ್ಟರ್ ಕಲಿಯಬೇಕಾದ ಅತಿ ಕಷ್ಟದ ವಿದ್ಯೆ ಕೈ ಕಟ್ಟಿ ನಿಲ್ಲುವುದು. ಧ್ವಜಾರೋಹಣದಲ್ಲಿ ಇದು ಕಣ್ಣಿಗೆ ಕಾಣುತ್ತದೆ. ಮಕ್ಕಳು ಕುದುರೆ ಲಾಳದ ಆಕಾರದಲ್ಲಿ ನಿಂತಿರುತ್ತಾರೆ. ಸಂಸ್ಥೆಯ ನೀಲಿ ಧ್ವಜವನ್ನು ಮಡಿಸಿ, ಒಂದು ಎಳೆತಕ್ಕೆ ಬಿಚ್ಚಿಕೊಳ್ಳುವಂತೆ ಸುತ್ತಿ ಕಂಬದ ತುದಿಗೆ ಏರಿಸಿರುತ್ತಾರೆ. ಮಡಿಸಿದವಳು ಏಳನೆಯ ತರಗತಿಯ ಹುಡುಗಿ. ಹಗ್ಗ ಎಳೆದಾಗ ಅದು ಬಿಚ್ಚದಿದ್ದರೆ ಇಡೀ ಶಾಲೆಯ ಮುಂದೆ ಅವಮಾನ. ಅದನ್ನು ತಾನೇ ಮಡಿಸಿಬಿಡಬಹುದಿತ್ತು ಎಂದು ಕ್ಯಾಪ್ಟನ್‌ಗೆ ಗೊತ್ತು. ಮಡಿಸುವುದಿಲ್ಲ. ಹಿಂದಿನ ದಿನ ಅವಳ ಪಕ್ಕದಲ್ಲಿ ಕೂತು ಮತ್ತೆ ಮತ್ತೆ ಮಾಡಿಸುತ್ತಾರೆ. ಅಂದು ದೂರ ನಿಲ್ಲುತ್ತಾರೆ. ಬಿಚ್ಚದಿದ್ದರೆ ಇಳಿಸಿ ಮತ್ತೆ ಮಡಿಸುವುದಕ್ಕೂ ಅವಳಿಗೇ ಅವಕಾಶ. ಮೌಲ್ಯ ಎಂದು ನಾವು ಕರೆಯುವುದೆಲ್ಲ ಮಗುವಿಗೆ ದಕ್ಕುವುದು ಹೀಗೆ: ನಿಜವಾದ ಕೆಲಸ, ನಿಜವಾದ ಹೊಣೆ, ತಪ್ಪಿದರೆ ತಿದ್ದಿಕೊಳ್ಳುವ ಜಾಗ, ಹತ್ತಿರದಲ್ಲೇ ಇದ್ದು ಅಡ್ಡಬಾರದ ಒಬ್ಬ ಹಿರಿಯರು.

ಎಚ್.ಡಿ. ಕೋಟೆಗೆ ಸ್ವಯಂಸೇವೆಯ ಶಕ್ತಿಯನ್ನು ಹೊಸದಾಗಿ ಹೇಳಬೇಕಿಲ್ಲ. 1984ರಲ್ಲಿ ಮೈಸೂರಿನ ವೈದ್ಯಕೀಯ ವಿದ್ಯಾರ್ಥಿಯಾಗಿದ್ದ ಡಾ. ಆರ್. ಬಾಲಸುಬ್ರಹ್ಮಣ್ಯಂ ಮತ್ತು ಗೆಳೆಯರು ಶುರು ಮಾಡಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಈ ತಾಲ್ಲೂಕಿನ ಕಾಡಂಚಿಗೆ ಬಂದು, ಹೊಸಹಳ್ಳಿಯಲ್ಲಿ ಗಿರಿಜನ ಮಕ್ಕಳ ಶಾಲೆಯನ್ನೂ ಆಗ ಇದೇ ತಾಲ್ಲೂಕಿಗೆ ಸೇರಿದ್ದ ಸರಗೂರಿನಲ್ಲಿ ಆಸ್ಪತ್ರೆಯನ್ನೂ ಕಟ್ಟಿತು. ಕೆಲವರ ಬಿಡುವಿನ ವೇಳೆ ಊರಿನ ಆಸ್ತಿಯಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಡ.

ಬ್ಯಾಡ್ಜು ಮತ್ತು ಅದರಾಚೆ

ಪ್ರವೇಶ, ಪ್ರಥಮ ಸೋಪಾನ, ದ್ವಿತೀಯ ಸೋಪಾನ, ತೃತೀಯ ಸೋಪಾನ, ರಾಜ್ಯ ಪುರಸ್ಕಾರ, ಕೊನೆಗೆ ರಾಷ್ಟ್ರಪತಿ ಪುರಸ್ಕಾರ. ಸ್ಕೌಟ್, ಗೈಡ್ ಮಕ್ಕಳು ಹತ್ತುವ ಮೆಟ್ಟಿಲುಗಳಿವು. ವೃತ್ತಿಪರ ಕೋರ್ಸುಗಳ ಸಿಇಟಿ ಪ್ರವೇಶದಲ್ಲಿ ಸ್ಕೌಟ್ಸ್-ಗೈಡ್ಸ್‌ಗೆ ವಿಶೇಷ ಪ್ರವರ್ಗವಿದೆ, ರೈಲ್ವೆ ನೇಮಕಾತಿಯಲ್ಲೂ ಕೋಟಾ ಇದೆ. ಹಳ್ಳಿಯ ಮಗುವಿಗೆ ಇವು ದೊಡ್ಡ ಅವಕಾಶ. ಇದನ್ನು ಬಯಸುವುದರಲ್ಲಿ ತಪ್ಪೇನಿಲ್ಲ. ಆದರೆ ಪ್ರಮಾಣಪತ್ರವೇ ಗುರಿಯಾದಾಗ ದಾಖಲೆ ಪುಸ್ತಕ ತುಂಬುತ್ತದೆ, ಶನಿವಾರದ ಮೈದಾನ ಖಾಲಿ ಉಳಿಯುತ್ತದೆ. ದಿನಕ್ಕೊಂದು ಸತ್ಕಾರ್ಯ ಎಂಬ ಅಂಕಣದಲ್ಲಿ ಒಂದೇ ರಾತ್ರಿ ಕೂತು ತಿಂಗಳ ಸತ್ಕಾರ್ಯ ಬರೆದ ಮಗು, ನಂಬಿಕೆಗೆ ಅರ್ಹನಾಗಿರು ಎಂಬ ಮೊದಲ ನಿಯಮವನ್ನೇ ಮುರಿದು ಬ್ಯಾಡ್ಜು ಪಡೆಯುತ್ತದೆ. ಹಾಗೆ ಬರೆಯಲು ಬಿಟ್ಟ ಹಿರಿಯರದೇ ಆ ತಪ್ಪು. ಸಮವಸ್ತ್ರ ಹೊಲಿಸುವುದು, ಆಗಸ್ಟ್ 15ಕ್ಕೆ ನಡೆಸುವುದು, ಅತಿಥಿಗಳಿಗೆ ಹೂಗುಚ್ಛ ಕೊಡಿಸುವುದು ಇಷ್ಟಕ್ಕೇ ದಳವನ್ನು ಬಳಸಿಕೊಳ್ಳುವ ಶಾಲೆಗಳು ಮಕ್ಕಳಿಗೆ ಸಲ್ಲಬೇಕಾದದ್ದನ್ನು ಕಸಿದುಕೊಳ್ಳುತ್ತಿವೆ.

ಸಮವಸ್ತ್ರದ ಖರ್ಚನ್ನೂ ಮರೆಯಬಾರದು. ಅಂಗಿ, ಬೆಲ್ಟ್, ಟೋಪಿ, ಶೂ ಕೊಳ್ಳಲಾಗದ ಮನೆಯ ಮಗು ನನಗೆ ಸ್ಕೌಟ್ ಇಷ್ಟವಿಲ್ಲ ಎಂದು ಹೇಳಿ ದೂರ ಸರಿಯುತ್ತದೆ. ಹಿಂದಿನ ವರ್ಷದವರ ಸಮವಸ್ತ್ರ ಒಗೆದು ಮಡಿಸಿ ಮುಂದಿನವರಿಗೆ ದಾಟಿಸುವ ಪದ್ಧತಿ ಪ್ರತಿ ದಳದಲ್ಲೂ ಬರಬೇಕು. ಹುಡುಗಿಯರ ವಿಷಯದಲ್ಲಿ ಇನ್ನೊಂದು ತೊಡಕಿದೆ. ಗೈಡ್ ಕ್ಯಾಪ್ಟನ್ ಮಹಿಳೆಯೇ ಆಗಿರಬೇಕು. ಸಂಜೆ ಐದರ ಬಸ್ಸು ತಪ್ಪಿದರೆ ಊರು ಸೇರಲಾಗದ ಶಿಕ್ಷಕಿ ಶನಿವಾರ ಉಳಿಯುವುದು ಹೇಗೆ? ಒಬ್ಬ ಕ್ಯಾಪ್ಟನ್ ಸಿಗದಿದ್ದರೆ 32 ಹುಡುಗಿಯರ ಒಂದು ಇಡೀ ಕಂಪನಿಯೇ (ಗೈಡ್ ದಳ) ಹುಟ್ಟುವುದಿಲ್ಲ.

ಊರಿನವರ ಪಾಲು

ಜಗತ್ತಿನಲ್ಲಿ ಇಂದು 170ಕ್ಕೂ ಹೆಚ್ಚು ದೇಶಗಳಲ್ಲಿ ಐದು ಕೋಟಿಗೂ ಮಿಕ್ಕಿ ಸ್ಕೌಟ್‌ಗಳಿದ್ದಾರೆ. ಅನೇಕ ದೇಶಗಳಲ್ಲಿ ದಳ ನಡೆಸುವವರು ತಂದೆ ತಾಯಂದಿರು, ಅಂಗಡಿಯವರು, ದಾದಿಯರು, ನಿವೃತ್ತರು. ನಮ್ಮಲ್ಲಿ ಎಲ್ಲ ಭಾರವೂ ಶಾಲೆಯ ಮೇಲೆ ಬಿದ್ದಿದೆ; ಮೇಷ್ಟ್ರಿಗೆ ವರ್ಗವಾದರೆ ದಳವೂ ಮುಚ್ಚಿಹೋಗುತ್ತದೆ. ಶಾಲೆಯ ಹೊರಗೂ ದಳ ಕಟ್ಟಲು ಸಂಸ್ಥೆಯ ನಿಯಮಗಳಲ್ಲಿ ಅವಕಾಶವಿದೆ. ಆ ಬಾಗಿಲನ್ನು ನಮ್ಮ ತಾಲ್ಲೂಕುಗಳು ಬಳಸಬೇಕು.

ಊರಿಗೆ ಮರಳಿದ ನಿವೃತ್ತ ಸೈನಿಕರು ನಕ್ಷೆ, ದಿಕ್ಸೂಚಿ ಕಲಿಸಬಲ್ಲರು. ಆಶಾ ಕಾರ್ಯಕರ್ತೆಯರು, ಆಸ್ಪತ್ರೆಯ ನರ್ಸುಗಳು ತಿಂಗಳಿಗೊಂದು ಮಧ್ಯಾಹ್ನ ಪ್ರಥಮ ಚಿಕಿತ್ಸೆ ಹೇಳಿಕೊಡಬಲ್ಲರು. ಅರಣ್ಯ ಇಲಾಖೆಯ ವಾಚರುಗಳಿಗೆ, ಹಾಡಿಯ ಹಿರಿಯರಿಗೆ ಕಾಡಿನ ಪಾಠ ಗೊತ್ತು. ಮೀನುಗಾರರಿಗೆ ನೀರಿನ ಪಾಠ ಗೊತ್ತು. ಕಾಲೇಜಿಗೆಂದು ಮೈಸೂರಿಗೆ ಹೋಗಿ ಬರುವ ಹಳೆಯ ಸ್ಕೌಟ್, ಗೈಡ್‌ಗಳು ತಮ್ಮ ಶಾಲೆಯ ದಳಕ್ಕೆ ಸಹಾಯಕರಾಗಬಲ್ಲರು. ಹೆಣ್ಣುಮಕ್ಕಳು ಹೀಗೆ ಮುಂದೆ ಬಂದರೆ ಕ್ಯಾಪ್ಟನ್‌ಗಳ ಕೊರತೆಯೂ ನೀಗುತ್ತದೆ. ಮಕ್ಕಳ ಜೊತೆ ಕೆಲಸ ಮಾಡುವವರು ಯಾರೇ ಆದರೂ ಸಂಸ್ಥೆಯ ತರಬೇತಿ ಪಡೆದು, ಶಾಲೆಗೂ ಪೋಷಕರಿಗೂ ತಿಳಿದಿದ್ದು, ಇನ್ನೊಬ್ಬ ಹಿರಿಯರ ಜೊತೆಯಲ್ಲೇ ಇರಬೇಕು. ಮಕ್ಕಳ ಸುರಕ್ಷತೆಯ ವಿಷಯದಲ್ಲಿ ಸಡಿಲಿಕೆ ಬೇಡ.

ಪೋಷಕರಿಗೂ ಒಂದು ಮಾತು. ಶಿಬಿರಕ್ಕೆ ಕಳಿಸಲು ಹಿಂಜರಿಯಬೇಡಿ. ಅನ್ನ ತಳ ಹತ್ತಿಸಿಕೊಂಡು, ಮಂಡಿ ತರಚಿಕೊಂಡು ಮನೆಗೆ ಬಂದ ಮಗು ಕಲಿತದ್ದು ಅಂಕಪಟ್ಟಿಯಲ್ಲಿ ಕಾಣದಿರಬಹುದು. ಕೆಲವು ವರ್ಷ ಬಿಟ್ಟು ಊರಲ್ಲಿ ನೆರೆ ಬಂದಾಗ, ಅಪಘಾತವಾದಾಗ, ಜಗಳ ಹುಟ್ಟಿದಾಗ ಮುಂದೆ ಬಂದು ನಿಲ್ಲುವವರು ಯಾರು ಎಂದು ನೋಡಿ.

ನಾಲ್ಕು ತಾಲ್ಲೂಕುಗಳಲ್ಲಿ ಮಕ್ಕಳಿಗೆ ಕೊರತೆಯಿಲ್ಲ, ಮೈದಾನಕ್ಕೆ ಕೊರತೆಯಿಲ್ಲ, ಕಲಿಯಲು ಬೇಕಾದ ನದಿ, ಕಾಡು, ಬೆಟ್ಟ ಎಲ್ಲವೂ ಮನೆಬಾಗಿಲಲ್ಲಿದೆ. ಕೊರತೆ ಇರುವುದು ಹಿರಿಯರದು. ಆ ಮೇಷ್ಟ್ರ, ಆ ಮೇಡಂನ ಪಕ್ಕದಲ್ಲಿ ಹೋಗಿ ನಿಲ್ಲುವ ಇನ್ನೊಬ್ಬರು ಪ್ರತಿ ಹಳ್ಳಿಯಿಂದ ಬರಬೇಕು. ನಿಮ್ಮ ಊರಿನ ಶಾಲೆಯಲ್ಲಿ ದಳವಿದ್ದರೆ ಈ ಶನಿವಾರವೇ ಹೋಗಿ, ನನ್ನಿಂದ ಏನಾಗಬೇಕು ಎಂದು ಕೇಳಿ. ದಳವಿಲ್ಲದಿದ್ದರೆ, ಏಕಿಲ್ಲ ಎಂದು ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಕೇಳಿ, ಕಟ್ಟಲು ಹೆಗಲು ಕೊಡಿ.